ಪ್ಲೇಟೆಡ್ ಬುಲೆಟ್‌ಗೆ ಯಾವ ಪಟ್ಟಿಯಿಂದ ಶುರು ಮಾಡೋದು?

ಪ್ರಶ್ನೆ: ನಮಸ್ಕಾರ ಸರ್. ಒಂದು ವರ್ಷದಿಂದ 9 ಎಂಎಂ ಪಿಸ್ತೂಲಿಗೆ ರೀಲೋಡ್ ಮಾಡುತ್ತಿದ್ದೇನೆ, ಅಂದರೆ ಹಾರಿಸಿದ ಖಾಲಿ ಕೇಸಿಗೆ ಕಿಡಿ ಕೊಡುವ ಪ್ರೈಮರ್, ಪೌಡರ್, ಬುಲೆಟ್ ಹಾಕಿ ಮತ್ತೆ ತೋಟಾ ಮಾಡೋದು. ಇದುವರೆಗೆ ಬಳಸಿದ್ದು ಜಾಕೆಟೆಡ್ ಬುಲೆಟ್ ಮಾತ್ರ. ಈಗ 124 ಗ್ರೇನ್ (ತೂಕದ ಅಳತೆ, ಸುಮಾರು 8 ಗ್ರಾಂ) ಪ್ಲೇಟೆಡ್ ರೌಂಡ್ ನೋಸ್ ತಂದಿದ್ದೇನೆ. ನನ್ನ ಮ್ಯಾನ್ಯುವಲ್‌ನಲ್ಲಿ 124 ಜಾಕೆಟೆಡ್‌ಗೆ ಎಷ್ಟು ಪೌಡರ್ ಹಾಕಬೇಕು ಅನ್ನೋ ಒಂದು ಪಟ್ಟಿ ಇದೆ, 125 ಸೀಸದ ಬುಲೆಟ್‌ಗೆ ಇನ್ನೊಂದಿದೆ. ಪ್ಲೇಟೆಡ್ ಅನ್ನೋ ಹೆಸರೇ ಇಲ್ಲ. ಒಬ್ಬರು ಸೀಸದ ಪಟ್ಟಿ ಹಿಡಿ ಅಂತಾರೆ, ಇನ್ನೊಬ್ಬರು ಜಾಕೆಟೆಡ್ ಪಟ್ಟಿಯ ಮಧ್ಯದಿಂದ ಶುರು ಮಾಡು ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಮೊದಲು ಬುಲೆಟ್ ತಯಾರಿಸಿದ ಕಂಪನಿಯ ಮಾತು ಕೇಳಿ. ಡಬ್ಬಿಯ ಮೇಲೆ ಅಥವಾ ಅವರ ವೆಬ್‌ಸೈಟಿನಲ್ಲಿ ಯಾವ ಡೇಟಾ ಬಳಸಬೇಕು, ಎಷ್ಟು ವೇಗ ಮೀರಬಾರದು ಅಂತ ಸಾಮಾನ್ಯವಾಗಿ ಬರೆದಿರುತ್ತಾರೆ. ಆಮೇಲೆ ಪೌಡರ್ ಕಂಪನಿಯ ಈಗಿನ ಡೇಟಾ ನೋಡಿ. ಕೆಲವು ಕಂಪನಿಗಳು ಪ್ಲೇಟೆಡ್ ಬುಲೆಟ್‌ಗಳನ್ನೇ ಪರೀಕ್ಷೆ ಮಾಡಿ ಪಟ್ಟಿ ಕೊಟ್ಟಿವೆ. ಈ ಎರಡೂ ಕಡೆ ಏನೂ ಸಿಗದಿದ್ದರೆ ಮಾತ್ರ ನಿಮ್ಮ ಪ್ರಶ್ನೆ ಉಳಿಯುತ್ತದೆ.

ಆಗ ನಾನು ಮಾಡೋದು ಹೀಗೆ. ಒಂದೇ ಪೌಡರ್, ಒಂದೇ ತೂಕ, ಆದಷ್ಟು ಅದೇ ಆಕಾರ ಇರುವ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಡುತ್ತೇನೆ. ಎರಡರ ಶುರುವಿನ ಅಳತೆಗಳಲ್ಲಿ ಯಾವುದು ಕಡಿಮೆಯೋ ಅಲ್ಲಿಂದ ಶುರು. ಮೇಲಕ್ಕೆ ಹೋಗುವಾಗ ಸೀಸದ ಪಟ್ಟಿಯ ಗರಿಷ್ಠ ಮತ್ತು ಜಾಕೆಟೆಡ್ ಪಟ್ಟಿಯ ಮಧ್ಯಭಾಗ, ಇವೆರಡರಲ್ಲಿ ಯಾವುದು ಮೊದಲು ಬರುತ್ತದೋ ಅಲ್ಲಿ ನಿಲ್ಲಿಸುತ್ತೇನೆ. ಮಧ್ಯದಿಂದಲೇ ಶುರು ಮಾಡು ಅನ್ನೋ ಸಲಹೆ ಬೇಡ. ಹೊಸ ಬುಲೆಟ್ ಅಂದರೆ ಹೊಸ ಲೆಕ್ಕ.

ಯಾಕೆ ಹೀಗೆ ಅಂತ ಹೇಳ್ತೀನಿ. ಜಾಕೆಟೆಡ್ ಬುಲೆಟ್‌ನ ಹೊದಿಕೆ ಸಾಮಾನ್ಯವಾಗಿ ತಾಮ್ರಕ್ಕೆ ಸ್ವಲ್ಪ ಸತು ಸೇರಿಸಿದ ಗಟ್ಟಿ ಲೋಹ. ಪ್ಲೇಟೆಡ್‌ನಲ್ಲಿ ಮೆತ್ತನೆ ಸೀಸದ ಮೇಲೆ ವಿದ್ಯುತ್ತಿನಿಂದ ಹತ್ತಿಸಿದ ಬರೀ ತಾಮ್ರದ ತೆಳು ಪದರ ಇರುತ್ತದೆ. ಬ್ಯಾರೆಲ್ ಒಳಗೆ ಅದು ಜಾಕೆಟೆಡ್‌ನಷ್ಟು ಬಿಗಿಯಾಗಿ ಹೋಗೋದಿಲ್ಲ, ಬರೀ ಸೀಸದಷ್ಟು ನುಣುಪಾಗಿ ಜಾರೋದೂ ಇಲ್ಲ. ಜಾಸ್ತಿ ವೇಗ ಕೊಟ್ಟರೆ ಪದರ ಕಿತ್ತು ಬರಬಹುದು, ಗುರಿಯೂ ಕೆಡುತ್ತದೆ. ಮಾಮೂಲಿ ಪ್ಲೇಟಿಂಗ್‌ಗೆ ತಯಾರಕರು ಹಾಕುವ ಮಿತಿ ಸೆಕೆಂಡಿಗೆ 1,200 ಅಡಿ ಆಸುಪಾಸು ಇರುತ್ತದೆ. ದಪ್ಪ ಪ್ಲೇಟಿಂಗ್ ಇದ್ದರೆ ಇನ್ನೂ ಮೇಲೆ. ನಿಮ್ಮ ಡಬ್ಬಿಯ ಮಿತಿಯೇ ನಿಮಗೆ ಲೆಕ್ಕ.

ಆದರೆ ಪಟ್ಟಿ ಯಾವುದು ಅನ್ನೋದಕ್ಕಿಂತ ನನಗೆ ಹೆಚ್ಚು ಚಿಂತೆ ಬುಲೆಟ್ ಕೇಸ್ ಒಳಗೆ ಎಷ್ಟು ಆಳ ಕೂತಿದೆ ಅನ್ನೋದು. 9 ಎಂಎಂ ಕೇಸ್ ತುಂಬಾ ಚಿಕ್ಕದು. ಬುಲೆಟ್ ಅರ್ಧ ಮಿಲಿಮೀಟರ್ ಹೆಚ್ಚು ಒಳಗೆ ಹೋದರೂ ಪೌಡರ್ ಉರಿಯುವ ಜಾಗ ಕುಗ್ಗಿ ಒತ್ತಡ ಜೋರಾಗಿ ಏರುತ್ತದೆ. ಪಟ್ಟಿಯಲ್ಲಿ ಕೊಟ್ಟ ಒಟ್ಟು ಉದ್ದ ಅವರು ಪರೀಕ್ಷೆ ಮಾಡಿದ ಬುಲೆಟ್‌ನದ್ದು, ನಿಮ್ಮದಲ್ಲ. ಹಾಗಾಗಿ ಒಳಗಿನ ಆಳ ನೀವೇ ಲೆಕ್ಕ ಹಾಕಿ: ಬುಲೆಟ್ ಉದ್ದಕ್ಕೆ ಕೇಸ್ ಉದ್ದ ಕೂಡಿಸಿ, ತೋಟಾದ ಒಟ್ಟು ಉದ್ದ ಕಳೆಯಿರಿ. ಉದಾಹರಣೆಗೆ 14.8 ಮತ್ತು 19.0 ಕೂಡಿಸಿ 28.8 ಕಳೆದರೆ 5.0 ಮಿಲಿಮೀಟರ್ ಒಳಗಿದೆ ಅಂತ ಅರ್ಥ. ಪಟ್ಟಿಯ ಬುಲೆಟ್‌ಗಿಂತ ನಿಮ್ಮದು ಆಳಕ್ಕೆ ಹೋಗ್ತಿದೆ ಅಂತಾದರೆ ಆ ಪಟ್ಟಿಯ ಮೇಲಿನ ಅರ್ಧ ನಿಮಗಲ್ಲ.

ಉದ್ದ ನಿಮ್ಮ ಪಿಸ್ತೂಲಿಗೆ ಹೊಂದುತ್ತದಾ ಅಂತಲೂ ನೋಡಿ. ಪ್ರೈಮರ್, ಪೌಡರ್ ಎರಡೂ ಇಲ್ಲದ ಒಂದು ತೋಟಾ ಮಾಡಿಕೊಳ್ಳಿ. ಬ್ಯಾರೆಲ್ ಬಿಚ್ಚಿ ಅದರೊಳಗೆ ಬಿಡಿ. ಟಕ್ ಅಂತ ಪೂರ್ತಿ ಕೂರಬೇಕು, ಕೈಯಲ್ಲಿ ತಿರುಗಿಸಿದರೆ ತಿರುಗಬೇಕು, ತಲೆಕೆಳಗು ಮಾಡಿದರೆ ತಾನಾಗಿ ಬೀಳಬೇಕು.

ಇನ್ನೊಬ್ಬರು: ನಾನು .38 ಸ್ಪೆಷಲ್ ರಿವಾಲ್ವರಿಗೆ ಮಾಡೋದು, 6 ಇಂಚಿನ ಬ್ಯಾರೆಲ್. ಕೈಗೆ ಹಗುರವಾಗಿರಲಿ ಅಂತ ಸೀಸದ ಪಟ್ಟಿಯ ಶುರುವಿಗಿಂತಲೂ ಸ್ವಲ್ಪ ಕಡಿಮೆ ಹಾಕೋಣ ಅಂತಿದ್ದೇನೆ. ಕಡಿಮೆ ಅಂದರೆ ಸುರಕ್ಷಿತ ತಾನೇ?

ಉತ್ತರ: ಅಲ್ಲ. ದಯವಿಟ್ಟು ಹಾಗೆ ಮಾಡಬೇಡಿ. ಈ ಗುಂಪಿನಲ್ಲಿ ಇವತ್ತು ಬೇರೇನೂ ಓದದಿದ್ದರೂ ಇದನ್ನು ಓದಿ.

.38 ಸ್ಪೆಷಲ್ ಹುಟ್ಟಿದ್ದು ಕರಿಮದ್ದಿನ ಕಾಲದಲ್ಲಿ. ಆದ್ದರಿಂದ ಕೇಸ್ ಒಳಗೆ ಜಾಗ ಜಾಸ್ತಿ. ಅದರ ಒತ್ತಡದ ಮಿತಿ 17,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್), ಅಂದರೆ 9 ಎಂಎಂನ 35,000ದ ಅರ್ಧಕ್ಕಿಂತ ಕಡಿಮೆ. ಅಷ್ಟು ದೊಡ್ಡ ಜಾಗದಲ್ಲಿ ಚಿಟಿಕೆ ಪೌಡರ್ ಅತ್ತಿತ್ತ ಸರಿದಾಡುತ್ತದೆ. ಗನ್ ಕೆಳಮುಖವಾಗಿ ಹಿಡಿದು ಮೇಲೆತ್ತಿದರೆ ಪೌಡರ್ ಬುಲೆಟ್ ಕಡೆ ಸೇರಿಕೊಂಡು ಇನ್ನೂ ಮಂದವಾಗಿ ಉರಿಯಬಹುದು. ಸಿಲಿಂಡರ್ ಮತ್ತು ಬ್ಯಾರೆಲ್ ನಡುವಿನ ಸಂದಿನಲ್ಲಿ ಅನಿಲ ಸೋರಿಹೋಗುತ್ತದೆ. ಸೀಸದ ಬುಲೆಟ್ ಆಗಿದ್ದರೆ ಹೇಗೋ ಜಾರಿ ಹೊರಬೀಳುತ್ತಿತ್ತು. ತಾಮ್ರದ ಮೈ ಇರುವ ಬುಲೆಟ್ 6 ಇಂಚಿನ ಬ್ಯಾರೆಲ್ ನಡುವೆ ನಿಂತುಬಿಡಬಹುದು. ಅದು ತಿಳಿಯದೆ ಮುಂದಿನ ಗುಂಡು ಹಾರಿಸಿದರೆ ಬ್ಯಾರೆಲ್ ಉಬ್ಬುತ್ತದೆ ಅಥವಾ ಒಡೆಯುತ್ತದೆ.

ನನ್ನ ಪಕ್ಕದಲ್ಲೇ ಒಮ್ಮೆ ಹೀಗಾಯಿತು. ಸದ್ದು 'ಪುಸ್' ಅಂತ ಬಂತು, ಕೈಗೆ ಹೊಡೆತವೇ ಇಲ್ಲ. ಹಾರಿಸುತ್ತಿದ್ದವರು ಮತ್ತೆ ಟ್ರಿಗರ್ ಒತ್ತುವಷ್ಟರಲ್ಲಿ ನಾನು 'ನಿಲ್ಸಿ' ಅಂತ ಕೂಗಿದೆ. ಖಾಲಿ ಮಾಡಿ ನೋಡಿದರೆ ಬುಲೆಟ್ ಬ್ಯಾರೆಲ್‌ನ ಮಧ್ಯದಲ್ಲಿ ಕೂತಿತ್ತು. ಇವತ್ತಿಗೂ ಆ ಸದ್ದು ನೆನಪಾದರೆ ಎದೆ ಝಲ್ಲೆನ್ನುತ್ತದೆ.

ನಿಮ್ಮ ರಿವಾಲ್ವರಿಗೆ ಕಂಪನಿ ಪ್ಲೇಟೆಡ್‌ಗೆ ಕೊಟ್ಟ ಶುರು ಸಿಕ್ಕರೆ ಅದು. ಸಿಗದಿದ್ದರೆ ಸೀಸದ ಪಟ್ಟಿಯ ತೀರಾ ತಳ ಹಿಡಿಯಬೇಡಿ, ಅದೇ ಪಟ್ಟಿಯೊಳಗೆ ಒಂದೆರಡು ಮೆಟ್ಟಿಲು ಮೇಲಿರಿ. ಮೇಲೆ ನಾನು ಪಿಸ್ತೂಲಿಗೆ ಹೇಳಿದ್ದನ್ನು ಉದ್ದ ಬ್ಯಾರೆಲ್ ರಿವಾಲ್ವರಿಗೆ ಹಾಗೇ ತಗೋಬೇಡಿ. ಕೈಗೆ ಹಗುರ ಬೇಕು ಅಂದರೆ ಬರೀ ಸೀಸದ ಬುಲೆಟ್‌ಗೇ ಹೋಗಿ.

ಮತ್ತೊಬ್ಬರು: ನನ್ನ ಪ್ಲೇಟೆಡ್ ಬುಲೆಟ್‌ಗಳು ಕಾಗದದ ಗುರಿಯಲ್ಲಿ ಅಡ್ಡಡ್ಡ ತೂತು ಮಾಡುತ್ತಿವೆ. ಪೌಡರ್ ಜಾಸ್ತಿಯಾಯಿತಾ?

ಉತ್ತರ: ಮೊದಲು ಕ್ರಿಂಪ್ ನೋಡಿ, ಅಂದರೆ ಬುಲೆಟ್ ಸುತ್ತ ಕೇಸಿನ ಬಾಯಿ ಒತ್ತಿದ್ದು ಎಷ್ಟಿದೆ ಅಂತ. ಕೇಸಿನ ಬಾಯಿ ಬುಲೆಟ್ ಮೈಗೆ ಕಚ್ಚಿ ಪದರ ಕತ್ತರಿಸಿದ್ದರೆ ಹೀಗಾಗುತ್ತದೆ. ಒಂದು ತೋಟಾದಿಂದ ಪುಲ್ಲರ್‌ನಲ್ಲಿ ಬುಲೆಟ್ ತೆಗೆದು ಉಗುರು ಆಡಿಸಿ. ತೆಳು ಗುರುತು ಇದ್ದರೆ ಪರವಾಗಿಲ್ಲ. ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಇದ್ದರೆ ಜಾಸ್ತಿಯಾಗಿದೆ. ಪಿಸ್ತೂಲಿನ ತೋಟಾಗೆ ಬಾಯಿ ಅಗಲಿಸಿದ್ದನ್ನು ಮತ್ತೆ ನೇರ ಮಾಡುವಷ್ಟು ಕ್ರಿಂಪ್ ಸಾಕು, ಬುಲೆಟ್ ಹಿಡಿದಿಡೋದು ಕೇಸಿನ ಬಿಗಿ. ಬಾಯಿ ಸಾಕಷ್ಟು ಅಗಲಿಸದಿದ್ದರೂ ಬುಲೆಟ್ ಕೂರಿಸುವಾಗಲೇ ತಾಮ್ರ ಸುಲಿದುಹೋಗುತ್ತದೆ, ಅದನ್ನೂ ನೋಡಿ. ಇವೆಲ್ಲ ಸರಿಯಿದ್ದರೆ ಮಾತ್ರ ವೇಗದ ಕಡೆ ಬನ್ನಿ.

ಮೊದಲ ಪ್ರಶ್ನೆ ಕೇಳಿದವರು: ಸರ್, ಅಳೆದೆ. ಪಟ್ಟಿಯ ಜಾಕೆಟೆಡ್‌ಗಿಂತ ನನ್ನದು 0.3 ಮಿಲಿಮೀಟರ್ ಆಳಕ್ಕೆ ಹೋಗುತ್ತದೆ. ಸೀಸದ ಪಟ್ಟಿಯ ಶುರು ಕಡಿಮೆ ಇದೆ. ಒತ್ತಡ ಜಾಸ್ತಿಯಾದರೆ ಪ್ರೈಮರ್ ಚಪ್ಪಟೆಯಾಗೋದು ನೋಡಿ ಗೊತ್ತಾಗುತ್ತೆ ಅಲ್ವಾ?

ಉತ್ತರ: ಒಳ್ಳೆ ಕೆಲಸ ಮಾಡಿದ್ದೀರಿ. ಹಾಗಿದ್ದರೆ ಸೀಸದ ಪಟ್ಟಿಯ ಶುರುವಿನಿಂದಲೇ ಹೊರಡಿ. ಪ್ರೈಮರ್ ನಂಬಬೇಡಿ. ಪಿಸ್ತೂಲಿನಲ್ಲಿ ಮಿತಿ ದಾಟಿದ ಮೇಲೂ ಅದು ಚೆನ್ನಾಗೇ ಕಾಣಿಸಬಹುದು. ಕ್ರೋನೋಗ್ರಾಫ್ ಇದ್ದರೆ ವೇಗ ಅಳೆಯಿರಿ. ವೇಗ ಪಟ್ಟಿಯ ಗರಿಷ್ಠದ ಹತ್ತಿರ ಬಂದಿದ್ದರೆ, ಪೌಡರ್ ಇನ್ನೂ ಕಡಿಮೆ ಇದೆ ಅನ್ನಿಸಿದರೂ ಅಲ್ಲಿಗೆ ನಿಲ್ಲಿಸಿ.

ಮೊದಲು 5 ತೋಟಾ ಮಾತ್ರ ಮಾಡಿ. ಪ್ರತಿ ಅಳತೆಯನ್ನೂ ತೂಕ ಹಾಕಿ. ಬೇಗ ಉರಿಯುವ ಪೌಡರ್‌ಗಳಲ್ಲಿ ಎರಡು ಸಲ ಹಾಕಿದರೂ ಕೇಸ್ ತುಂಬಿ ಚೆಲ್ಲದೇ ಇರಬಹುದು. ಆದ್ದರಿಂದ ಬುಲೆಟ್ ಇಡುವ ಮೊದಲು ಪ್ರತಿ ಕೇಸಿನೊಳಗೂ ಟಾರ್ಚ್ ಹಾಕಿ ನೋಡಿ. ಹಾರಿಸುವಾಗ ಒಂದೊಂದನ್ನೇ ಹಾಕಿ, ಪ್ರತಿ ಸಲ ಗುರಿಯಲ್ಲಿ ತೂತು ಬಿದ್ದಿದೆಯಾ ನೋಡಿ. ತೂತು ಕಾಣಿಸದಿದ್ದರೆ ಗನ್ ಖಾಲಿ ಮಾಡಿ ಬ್ಯಾರೆಲ್ ಪರೀಕ್ಷಿಸೋವರೆಗೂ ಮುಂದಿನದು ಬೇಡ. ಸ್ಲೈಡ್ ಪೂರ್ತಿ ಹಿಂದೆ ಬರದಿದ್ದರೆ 0.1 ಗ್ರೇನ್ ಏರಿಸಿ, ಮತ್ತೆ 5. ಅಳತೆಗಳನ್ನೆಲ್ಲ ಬರೆದಿಟ್ಟು ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ.