ನೈಸ್ 19 ಕೊಟ್ರೂ ಪ್ರೊಸೆಸರ್ ಫುಲ್ ಸ್ಪೀಡಲ್ಲೇ ಯಾಕೆ ಓಡುತ್ತೆ?

ಪ್ರಶ್ನೆ: ನಮಸ್ತೆ ಮೇಡಂ, ನೀವು ಮೊಬೈಲ್ ಚಿಪ್‌ಗಳ ಕರ್ನಲ್‌ನಲ್ಲಿ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಪವರ್ ಕಡೆ ಕೆಲಸ ಮಾಡ್ತೀರಂತೆ, ಅದಕ್ಕೆ ಕೇಳ್ತಿದೀನಿ. ನಂದು ಲಿನಕ್ಸ್ ಲ್ಯಾಪ್‌ಟಾಪ್. ಹಿಂದ್ಗಡೆ ಒಂದು ದೊಡ್ಡ ಕಂಪೈಲ್ (ಕೋಡನ್ನ ಓಡೋ ಪ್ರೋಗ್ರಾಂ ಮಾಡೋ ಕೆಲಸ) ಹಾಕ್ಬಿಟ್ಟು ವಿಡಿಯೋ ನೋಡ್ತಾ ಕೂತಿರ್ತೀನಿ. ಕಂಪೈಲ್‌ಗೆ ನೈಸ್ (ಕೆಲಸದ ಆದ್ಯತೆ ಹೇಳೋ ನಂಬರ್, ಜಾಸ್ತಿ ಆದಷ್ಟೂ ಆದ್ಯತೆ ಕಮ್ಮಿ) 19 ಕೊಟ್ಟಿದೀನಿ, ನೈಸ್‌ನಲ್ಲಿ ಅದಕ್ಕಿಂತ ಕೆಳಗಿನ ಆದ್ಯತೆ ಇಲ್ವೇ ಇಲ್ಲ. ವಿಡಿಯೋ ಎಲ್ಲೂ ತಡವರ್ಸಲ್ಲ, ಸರಿ, ಆದ್ರೆ ಫ್ರೀಕ್ವೆನ್ಸಿ ಮಾತ್ರ ಮೇಲೇ ಇರುತ್ತೆ, ಫ್ಯಾನ್ ಸದ್ದು ಪಕ್ಕದ ರೂಮಿಗೆ ಕೇಳ್ಸುತ್ತೆ. ಅರ್ಜೆಂಟ್ ಇಲ್ಲ ಮಾರಾಯ ಅಂತ ಹೇಳಿದ್ಮೇಲೂ ಯಾಕೆ ಇಳಿಸಲ್ಲ ಇದು?

ಉತ್ತರ: ನೀವು ಅದಕ್ಕೆ ಹಾಗೆ ಹೇಳೇ ಇಲ್ಲ. ನೈಸ್ ಹೇಳೋದು ಇಬ್ರು ಒಟ್ಟಿಗೆ ಕೇಳಿದಾಗ ಯಾರಿಗೆ ಎಷ್ಟು ಹೊತ್ತು ಅಂತ ಮಾತ್ರ, ಎಷ್ಟು ಸ್ಪೀಡಲ್ಲಿ ಅಂತ ಅಲ್ಲ.

ಒಂದೇ ಕೋರ್ ತಗೊಂಡು ಲೆಕ್ಕ ಹಾಕೋಣ. ಪ್ಲೇಯರ್ ಥರ ನೈಸ್ 0 ಇದ್ರೆ ತೂಕ, ಅಂದ್ರೆ ಸಮಯ ಹಂಚುವಾಗಿನ ಪಾಲು, 1024, ನೈಸ್ 19 ಇದ್ರೆ ತೂಕ 15. ಇಬ್ರೂ ಬಿಡದೆ ಓಡ್ತಿದ್ರೆ ನಿಮ್ಮ ಕಂಪೈಲ್‌ಗೆ ಸಿಗೋದು ನೂರಕ್ಕೆ ಒಂದೂವರೆ ಭಾಗಾನೂ ಇಲ್ಲ. ಆದ್ರೆ ವಿಡಿಯೋ ಪ್ಲೇಯರ್ ಬಿಡದೆ ಓಡಲ್ವಲ್ಲ, ಅದಕ್ಕೆ 30% ಸಾಕು ಅಂತಿಟ್ಕೊಳ್ಳಿ, ಒಂದು ಫ್ರೇಮ್ ಬಿಡಿಸ್ಕೊಂಡು ಮಲ್ಕೊಳುತ್ತೆ. ಉಳಿದ 70% ಪೂರ್ತಿ ಕಂಪೈಲ್ ನುಂಗುತ್ತೆ, ಕೇಳೋರು ಬೇರೆ ಯಾರೂ ಇಲ್ಲ. ಅಲ್ಲಿಗೆ ಆ ಕೋರ್‌ಗೆ ಒಂದು ಕ್ಷಣನೂ ಬಿಡುವಿಲ್ಲ.

ಈಗ ಸ್ಪೀಡ್ ತೀರ್ಮಾನ ಮಾಡೋರ ಹತ್ರ ಬನ್ನಿ. ಫ್ರೀಕ್ವೆನ್ಸಿ ಎಷ್ಟಿರಬೇಕು ಅಂತ ಆರಿಸೋ ಕರ್ನಲ್ ಭಾಗಕ್ಕೆ ಗವರ್ನರ್ ಅಂತಾರೆ. ಸ್ಕೆಡ್‌ಯುಟಿಲ್ ಅನ್ನೋ ಗವರ್ನರ್ 2016ರಲ್ಲಿ ಲಿನಕ್ಸ್ 4.7ಕ್ಕೆ ಬಂತು. ಅದು ಆ ಕೋರ್‌ನ ಕ್ಯೂನಲ್ಲಿರೋ ಟಾಸ್ಕ್‌ಗಳ (ಓಡೋ ಕೆಲಸಗಳ) ಯುಟಿಲೈಸೇಶನ್, ಅಂದ್ರೆ ಕೋರನ್ನ ಯಾರು ಎಷ್ಟು ಬಳಸ್ತಿದಾರೆ ಅನ್ನೋದನ್ನ ಎಲ್ಲಾ ಕೂಡಿಸಿ, ಮೇಲೆ ಕಾಲು ಭಾಗ ಸೇರಿಸಿ, 1024ಕ್ಕೆ ಹೋಲಿಸಿ ಫ್ರೀಕ್ವೆನ್ಸಿ ಕೇಳುತ್ತೆ. ಈ 1024 ತೂಕ ಅಲ್ಲ, ಕೋರ್‌ನ ಪೂರ್ತಿ ಸಾಮರ್ಥ್ಯ. ಪ್ಲೇಯರ್ ಒಂದೇ ಇದ್ರೆ ಅದರ 30% ಸುಮಾರು 300 ಅಂತ ಹಿಡೀರಿ, 300 × 1.25, ಅಂದ್ರೆ 375, ಮ್ಯಾಕ್ಸ್ 2 ಗಿಗಾಹರ್ಟ್ಸ್ ಇರೋ ಕೋರ್‌ನಲ್ಲಿ ಸುಮಾರು 730 ಮೆಗಾಹರ್ಟ್ಸ್ ಸಾಕಾಯ್ತು. ಕಂಪೈಲ್ ಸೇರಿದ್ರೆ ಮೊತ್ತ 1024 ಮುಟ್ಟುತ್ತೆ, ಸೀದಾ ಮ್ಯಾಕ್ಸ್. ಈ ಲೆಕ್ಕದಲ್ಲಿ ನೈಸ್ ಎಲ್ಲೂ ಬರಲ್ಲ ನೋಡಿ. ಹಳೇ ಆನ್‌ಡಿಮ್ಯಾಂಡ್ ಗವರ್ನರ್‌ನಲ್ಲಿ ನೈಸ್ ಕೊಟ್ಟ ಕೆಲಸಾನ ಲೆಕ್ಕಕ್ಕೆ ಹಿಡೀಬೇಡ ಅನ್ನೋಕೆ ಒಂದು ಸ್ವಿಚ್ ಇತ್ತು, ಸ್ಕೆಡ್‌ಯುಟಿಲ್‌ನಲ್ಲಿ ಅದಿಲ್ಲ.

ಪ್ರಶ್ನೆ: ಹಾಗಾದ್ರೆ ಕಂಪೈಲ್ ಓಡುವಾಗ ಕಮ್ಮಿ, ಪ್ಲೇಯರ್ ಓಡುವಾಗ ಬೇಕಾದಷ್ಟು ಅಂತ ಮಾಡಕ್ಕಾಗಲ್ವಾ?

ಉತ್ತರ: ಅದಕ್ಕೇ ಲಿನಕ್ಸ್ 5.3ರಲ್ಲಿ, 2019ರಲ್ಲಿ, ಯುಕ್ಲ್ಯಾಂಪ್ ತಂದಿದ್ದು. ಒಂದೊಂದು ಟಾಸ್ಕ್‌ಗೂ ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಅಂತ 0ಯಿಂದ 1024ರ ಒಳಗೆ ಮಿತಿ ಕೊಡಬಹುದು. ಕಂಪೈಲ್‌ಗೆ ಗರಿಷ್ಠ 400 ಅಂತ ಕೊಟ್ರೆ ಅದೊಂದೇ ಓಡುವಾಗ ಫ್ರೀಕ್ವೆನ್ಸಿ ಕೆಳಗೇ ಇರುತ್ತೆ.

ಆದ್ರೆ ಇಲ್ಲೊಂದು ತಲೆನೋವಿದೆ, ನಮ್ಮ ಟೀಮಲ್ಲಿ ಇದರ ಮೇಲೆ ಆಗಿರೋ ಜಗಳಕ್ಕೆ ಲೆಕ್ಕ ಇಲ್ಲ. ಬಸ್ಸಲ್ಲಿ ಕೂತಿರೋ ಒಬ್ಬೊಬ್ಬರಿಗೂ ಒಂದೊಂದು ಸ್ಪೀಡ್ ಕೊಡಕ್ಕಾಗಲ್ವಲ್ಲ, ಕೋರ್‌ಗೂ ಕ್ಲಾಕ್ ಒಂದೇ. ಕ್ಯೂನಲ್ಲಿ ಓಡೋಕೆ ರೆಡಿ ಇರೋ ಟಾಸ್ಕ್‌ಗಳ ಮಿತಿಗಳಲ್ಲಿ ಎಲ್ಲಕ್ಕಿಂತ ದೊಡ್ಡದೇ ಗೆಲ್ಲೋದು. ಪ್ಲೇಯರ್ ಎದ್ದ ತಕ್ಷಣ ಅದರ ಮಿತಿ 1024, ಅಂದ್ರೆ ಮಿತಿಯೇ ಇಲ್ಲ, ಕಂಪೈಲ್‌ನ 400 ಅಲ್ಲಿಗೆ ಗಾಳಿಗೆ ಹೋಯ್ತು, ಕಟ್ಟಿ ಹಾಕಿದ್ದ ಕಂಪೈಲ್‌ನ ಪೂರ್ತಿ ಯುಟಿಲೈಸೇಶನ್ ಮೊತ್ತಕ್ಕೆ ಬಂದು ಸೇರುತ್ತೆ. ಪ್ಲೇಯರ್‌ಗೆ ಬೇಕಾಗಿದ್ದು 730 ಮೆಗಾಹರ್ಟ್ಸ್, ಆಗೋದು ಫುಲ್ ಮ್ಯಾಕ್ಸ್. ಅದು ಮಲಗೋವರೆಗೂ ಹಾಗೇ, ಆಮೇಲೆ ಇಳಿಯುತ್ತೆ, ಮುಂದಿನ ಫ್ರೇಮಿಗೆ ಮತ್ತೆ ಜಿಗಿತ. ಅದಕ್ಕೆ ನನ್ನ ಸಲಹೆ ಅಂದ್ರೆ ಮಿತಿ ಕೊಡೋದರ ಜೊತೆಗೆ ಎರಡನ್ನೂ ಬೇರೆ ಬೇರೆ ಕೋರ್‌ಗೆ ಹಾಕಿ, ಇಲ್ಲಾಂದ್ರೆ ಅರ್ಧ ಕೆಲಸ ಆದಂಗೆ. ಅದ್ರಲ್ಲೂ ಆ ಕೋರ್‌ಗಳು ಒಂದೇ ಕ್ಲಾಕ್ ಹಂಚ್ಕೊಂಡಿದ್ರೆ ಮತ್ತೆ ಜಾಸ್ತಿ ಕೇಳಿದ ಕೋರ್‌ದೇ ನಡೆಯೋದು, ಫೋನ್‌ಗಳಲ್ಲಿ ಒಂದು ಗುಂಪಿನ ಕೋರ್‌ಗಳೆಲ್ಲ ಸಾಮಾನ್ಯವಾಗಿ ಹಾಗೇ ಇರ್ತವೆ.

ಇನ್ನೊಂದು, ನಿಮ್ಮದು ಇಂಟೆಲ್ ಆದ್ರೆ ಸ್ಕೇಲಿಂಗ್ ಡ್ರೈವರ್ (ಚಿಪ್‌ನ ಫ್ರೀಕ್ವೆನ್ಸಿ ಬದಲಾಯಿಸೋ ಸಾಫ್ಟ್‌ವೇರ್) ಯಾವುದು ಅಂತ ಮೊದಲು ನೋಡಿ. ಇಂಟೆಲ್ ಪಿಸ್ಟೇಟ್ ಆಕ್ಟಿವ್ ಮೋಡಲ್ಲಿದ್ರೆ ಸ್ಕೆಡ್‌ಯುಟಿಲ್ ಅಲ್ಲಿ ಇಲ್ವೇ ಇಲ್ಲ, ಹೊಸ ಚಿಪ್‌ಗಳಲ್ಲಿ ಹಾರ್ಡ್‌ವೇರೇ ತೀರ್ಮಾನ ಮಾಡುತ್ತೆ, ಯುಕ್ಲ್ಯಾಂಪ್ ಕೊಟ್ರೂ ಫ್ರೀಕ್ವೆನ್ಸಿ ಕದಲಲ್ಲ. ಫ್ಯಾನ್ ಸದ್ದಷ್ಟೇ ತೊಂದ್ರೆ ಅಂದ್ರೆ ಕಂಪೈಲ್ ಮುಗಿಯೋವರೆಗೂ ಟರ್ಬೋ (ಮಾಮೂಲಿಗಿಂತ ಮೇಲಿನ ಸ್ಪೀಡ್‌ಗೆ ಏರೋದು) ಆಫ್ ಮಾಡಿ ಸಾಕು.

ಬೇರೊಬ್ಬರ ಪ್ರಶ್ನೆ: ಮೇಡಂ, ಬೇಗ ಮುಗಿಸಿ ಮಲಗಿಸಿದ್ರೇ ಬ್ಯಾಟರಿ ಉಳಿಯುತ್ತೆ ಅಂತಾರಲ್ಲ?

ಉತ್ತರ: ಎಲ್ಲಾ ಕಡೆ ಅಲ್ಲ. ಪವರ್ ಹೋಗೋದು ಫ್ರೀಕ್ವೆನ್ಸಿ ಇಂಟು ವೋಲ್ಟೇಜಿನ ವರ್ಗ. ಮೇಲಿನ ಕೊನೇ ಹಂತಗಳಿಗೆ ವೋಲ್ಟೇಜೂ ಏರಿಸ್ಬೇಕು, ಅಲ್ಲಿ ಓಡಿಸೋದು ದುಬಾರಿ. ತೀರಾ ಕೆಳಗೆ ಹೋದ್ರೆ ಕೆಲಸ ಎಳೆದೂ ಎಳೆದೂ ಲೀಕೇಜ್ (ಚಿಪ್ ಆನ್ ಇದ್ದಷ್ಟು ಹೊತ್ತೂ ಸೋರಿ ಹೋಗೋ ಕರೆಂಟ್), ಮೆಮೊರಿ ಖರ್ಚು ತಿನ್ನುತ್ತೆ. ಮಧ್ಯದಲ್ಲೆಲ್ಲೋ ಇದೆ ಲಾಭ.

ಮತ್ತೊಂದು ಪ್ರಶ್ನೆ: ಫೋನಲ್ಲಿ ಸುಮ್ನೆ ಇದ್ದು ಸ್ಕ್ರಾಲ್ ಶುರು ಮಾಡಿದಾಗ ಮೊದಲು ಸ್ವಲ್ಪ ಎಳೆದಂಗೆ ಆಗುತ್ತೆ, ಇದಕ್ಕೂ ಅದಕ್ಕೂ ಸಂಬಂಧ ಇದ್ಯಾ?

ಉತ್ತರ: ಕಾರಣ ಬೇರೆನೂ ಇರಬಹುದು, ಆದ್ರೆ ಇದೂ ಒಂದು. ಯುಟಿಲೈಸೇಶನ್ ಅಳೆಯೋ ಪೆಲ್ಟ್ ಅನ್ನೋದು ಹಳೇದನ್ನ ನಿಧಾನಕ್ಕೆ ಮರೆಯುತ್ತೆ, 32 ಮಿಲಿಸೆಕೆಂಡಿಗೆ ಅರ್ಧ. ಸೊನ್ನೆಯಿಂದ ಹೊರಟ ಟಾಸ್ಕ್ ಬಿಡದೆ ಓಡಿದ್ರೂ ಮ್ಯಾಕ್ಸ್ ಕೇಳೋವಷ್ಟು ಆಗೋಕೆ ಲೆಕ್ಕದ ಪ್ರಕಾರ 74 ಮಿಲಿಸೆಕೆಂಡ್ ಬೇಕು, ಕಮ್ಮಿ ಫ್ರೀಕ್ವೆನ್ಸಿಲಿ ಹೊರಟ್ರೆ ಇನ್ನೂ ಜಾಸ್ತಿ. 60 ಹರ್ಟ್ಸ್ ಸ್ಕ್ರೀನಲ್ಲಿ ನಾಲ್ಕು ಫ್ರೇಮ್ ಅಷ್ಟರಲ್ಲಿ ಹೋಗ್ಬಿಟ್ಟಿರುತ್ತೆ. ಅದಕ್ಕೇ ಆಂಡ್ರಾಯ್ಡ್‌ನಲ್ಲಿ ಮುಂದಿರೋ ಆ್ಯಪ್‌ಗೆ ಯುಕ್ಲ್ಯಾಂಪ್ ಕನಿಷ್ಠ ಕೊಟ್ಟು ಮೊದಲೇ ಮೇಲಿಂದ ಶುರು ಮಾಡಿಸೋದು. ಅದಕ್ಕೆಷ್ಟು ನಂಬರ್ ಕೊಡ್ತಾರೆ ಅನ್ನೋದು ಫೋನ್ ಮಾಡಿದವರಿಗೆ ಬಿಟ್ಟಿದ್ದು, ಬ್ಯಾಟರಿ ಟೆಸ್ಟ್ ಮಾಡೋರೂ ಯುಐ ಟೀಮಿನವರೂ ಕಿತ್ತಾಡೋದು ಅದೇ ನಂಬರ್‌ಗೆ.