ಮುಂದಿನ ಚಕ್ರದ ಹಬ್ ಮನೆಯಲ್ಲೇ ಬದಲಿಸಬಹುದಾ?

ಪ್ರಶ್ನೆ: ನಮಸ್ಕಾರ ಸರ್. ನನ್ನದು ಫ್ರಂಟ್ ವೀಲ್ ಡ್ರೈವ್ ಕಾರು. ಒಂದು ತಿಂಗಳಿಂದ ಸ್ಪೀಡ್ 60 ದಾಟಿದರೆ ಮುಂದಿನ ಕಡೆಯಿಂದ ಗುಂಯ್ ಅಂತ ಸದ್ದು ಬರುತ್ತಿದೆ. ಸ್ಪೀಡ್ ಏರಿದಂತೆ ಸದ್ದೂ ಜಾಸ್ತಿ. ಹಬ್ ಬೇರಿಂಗ್ (ಚಕ್ರ ಕೂರುವ ಹಬ್ ಸಲೀಸಾಗಿ ತಿರುಗಲು ಇರುವ ಬೇರಿಂಗ್) ಹೋಗಿರಬೇಕು ಅಂತ ಅನುಮಾನ, ಆದರೆ ಯಾವ ಕಡೆಯದು ಗೊತ್ತಾಗುತ್ತಿಲ್ಲ. ಬ್ರೇಕ್ ಪ್ಯಾಡ್ ನಾನೇ ಬದಲಿಸಿಕೊಳ್ಳುತ್ತೇನೆ. ಇದನ್ನೂ ಮನೆಯಲ್ಲೇ ಮಾಡಬಹುದಾ?

ಉತ್ತರ: ನಮಸ್ಕಾರ. ಮೊದಲು ಕಡೆ ಯಾವುದು ಅಂತ ಗೊತ್ತುಮಾಡಿಕೊಳ್ಳಿ. ಖಾಲಿ ರಸ್ತೆಯಲ್ಲಿ ಅದೇ ಸ್ಪೀಡಿನಲ್ಲಿ ಹೋಗುತ್ತಾ ಸ್ಟೇರಿಂಗ್ ಸ್ವಲ್ಪ ಎಡಕ್ಕೆ ತಿರುಗಿಸಿ. ಆಗ ಗಾಡಿಯ ಭಾರ ಬಲ ಚಕ್ರದ ಮೇಲೆ ಬೀಳುತ್ತದೆ. ಸದ್ದು ಜಾಸ್ತಿಯಾದರೆ ಹೆಚ್ಚಾಗಿ ಬಲಗಡೆಯದೇ. ಬಲಕ್ಕೆ ತಿರುಗಿಸಿದಾಗ ಜಾಸ್ತಿಯಾದರೆ ಎಡಗಡೆಯದು.

ಆಮೇಲೆ ಜಾಕ್ ಹಾಕಿ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಗೇರ್ ನ್ಯೂಟ್ರಲ್‌ನಲ್ಲಿಟ್ಟು ನೋಡಿ. ಒಂದು ಕೈ ಚಕ್ರದ ಹಿಂದಿರುವ ಸಸ್ಪೆನ್ಷನ್ನಿನ ಕಾಯಿಲ್ ಸ್ಪ್ರಿಂಗ್ ಮೇಲಿಡಿ, ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸಿ. ಬೇರಿಂಗ್ ಹೋಗಿದ್ದರೆ ಸ್ಪ್ರಿಂಗ್ ಹಿಡಿದ ಬೆರಳಿಗೆ ಮರಳು ಅರೆದ ಹಾಗೆ ನಡುಕ ಸಿಗುತ್ತದೆ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿಯೂ ನೋಡಿ. ಟಯರ್ ಏರುಪೇರಾಗಿ ಸವೆದರೂ ಇದೇ ಥರ ಸದ್ದು ಬರುತ್ತದೆ, ಅದನ್ನೂ ನೋಡದೆ ಹಬ್ ತರಬೇಡಿ.

ಮನೆಯಲ್ಲಿ ಆಗುತ್ತಾ ಅನ್ನುವುದು ನಿಮ್ಮ ಗಾಡಿಯ ಹಬ್ ಯಾವ ಥರದ್ದು ಅನ್ನುವುದರ ಮೇಲೆ. ಬೇರಿಂಗ್, ಹಬ್ ಎರಡೂ ಒಂದೇ ಸೆಟ್ ಆಗಿ, ನಕಲ್ (ಹಬ್ಬನ್ನು ಹಿಡಿದು ಸ್ಟೇರಿಂಗ್ ಜೊತೆ ತಿರುಗುವ ಲೋಹದ ಭಾಗ) ಹಿಂದಿನಿಂದ ಮೂರೋ ನಾಲ್ಕೋ ಬೋಲ್ಟಿನಲ್ಲಿ ಕೂತಿದ್ದರೆ ಧಾರಾಳವಾಗಿ ಮಾಡಿ. ಬೇರಿಂಗನ್ನು ನಕಲ್ ಒಳಗೆ ಪ್ರೆಸ್ ಮಾಡಿ ಕೂರಿಸಿದ್ದರೆ ಸುತ್ತಿಗೆಯಲ್ಲಿ ಹೊಡೆದು ಕೂರಿಸಲು ಹೋಗಬೇಡಿ. ಹೊಡೆದ ಏಟು ಬೇರಿಂಗ್ ಒಳಗಿನ ಗುಂಡುಗಳ ಮೇಲೆ ಬಿದ್ದು, ಹೊಸ ಬೇರಿಂಗ್ ಸ್ವಲ್ಪ ದಿನಕ್ಕೇ ಸದ್ದು ಶುರುಮಾಡುತ್ತದೆ. ನಕಲ್ ಬಿಚ್ಚಿಕೊಂಡು ಹೈಡ್ರಾಲಿಕ್ ಪ್ರೆಸ್ ಇರುವವರ ಹತ್ತಿರ ಹೋಗಿ.

ಪ್ರಶ್ನೆ: ಥ್ಯಾಂಕ್ಸ್ ಸರ್. ಬಲಗಡೆಯದೇ, ಸ್ಪ್ರಿಂಗಿನಲ್ಲಿ ನಡುಕ ಸಿಕ್ಕಿತು. ನಾಲ್ಕು ಬೋಲ್ಟಿನ ಥರದ್ದು. ಬಿಚ್ಚುವಾಗ ಎಲ್ಲಿ ಎಚ್ಚರ ಇರಬೇಕು?

ಉತ್ತರ: ಹಬ್‌ನ ನಡುವೆ ಶಾಫ್ಟಿನ (ಎಂಜಿನ್ ಶಕ್ತಿಯನ್ನು ಚಕ್ರಕ್ಕೆ ತರುವ ದಂಡ) ತುದಿಯಲ್ಲಿರುವ ಆಕ್ಸಲ್ ನಟ್ ಹತ್ತಿರ. ಗಾಡಿ ಎತ್ತುವ ಮೊದಲೇ, ಚಕ್ರ ನೆಲದ ಮೇಲಿರುವಾಗ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಅಡ್ಡ ಕೊಟ್ಟು, ಉದ್ದದ ಬಾರ್ ಹಾಕಿ ಅದನ್ನು ಸಡಿಲಿಸಿ. ನಟ್‌ನ ಅಂಚನ್ನು ಒಳಕ್ಕೆ ಮಡಿಚಿ ಲಾಕ್ ಮಾಡಿದ್ದರೆ ಮೊದಲು ಆ ಮಡಿಕೆಯನ್ನು ಚಿಕ್ಕ ಉಳಿಯಲ್ಲಿ ಎತ್ತಿ, ಇಲ್ಲದಿದ್ದರೆ ಶಾಫ್ಟಿನ ಥ್ರೆಡ್ ಕಿತ್ತುಬರುತ್ತದೆ.

ಕ್ಯಾಲಿಪರ್ (ಬ್ರೇಕ್ ಪ್ಯಾಡ್ ಹಿಡಿದಿರುವ ಭಾಗ) ಬಿಚ್ಚಿದ ಮೇಲೆ ತಂತಿಯಲ್ಲಿ ಸ್ಪ್ರಿಂಗಿಗೆ ಕಟ್ಟಿ. ಬ್ರೇಕ್ ಹೋಸ್ ಮೇಲೆ ಅದು ನೇತಾಡಬಾರದು. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಸೆನ್ಸರ್ ವೈರ್ ಇದ್ದರೆ ಅದನ್ನು ಮೊದಲು ಬಿಡಿಸಿ.

ನಾಲ್ಕೂ ಬೋಲ್ಟ್ ಸಡಿಲಿಸಿದರೂ ತುಕ್ಕು ಹಿಡಿದು ಹಬ್ ಅಲ್ಲಾಡದಿರಬಹುದು. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದರ್ಧ ಗಂಟೆ ಬಿಡಿ. ಬೋಲ್ಟ್‌ಗಳನ್ನು ನಾಲ್ಕೈದು ಸುತ್ತು ಮಾತ್ರ ಸಡಿಲಿಸಿಟ್ಟು, ಅವುಗಳ ತಲೆಯ ಮೇಲೆ ಸಾಕೆಟ್ ಕೂರಿಸಿ ಒಂದಾದ ಮೇಲೊಂದಕ್ಕೆ ಹೊಡೆದರೆ ಹಬ್ ನಿಧಾನವಾಗಿ ಹೊರಗೆ ಬರುತ್ತದೆ. ಶಾಫ್ಟ್ ಅಂಟಿಕೊಂಡಿದ್ದರೆ ಅದರ ತುದಿಗೆ ನೇರ ಹೊಡೆಯಬೇಡಿ, ಹಳೆ ನಟ್ ತುದಿಗೆ ಸಮವಾಗಿ ಹಾಕಿ ಮರದ ತುಂಡು ಇಟ್ಟು ತಟ್ಟಿ. ಶಾಫ್ಟನ್ನು ಹೊರಕ್ಕೆ ಎಳೆಯಲೂ ಬೇಡಿ, ಒಳಗಿನ ಜಾಯಿಂಟ್ ಬಿಟ್ಟುಕೊಳ್ಳುತ್ತದೆ.

ಹೊಸದು ಕೂರಿಸುವ ಮೊದಲು ನಕಲ್‌ನ ಬಾಯಿಯನ್ನು ವೈರ್ ಬ್ರಷ್‌ನಲ್ಲಿ ಲೋಹ ಕಾಣುವವರೆಗೆ ಉಜ್ಜಿ. ಒಂದು ಕಣ ತುಕ್ಕು ಉಳಿದರೂ ಹಬ್ ಸೊಟ್ಟಗೆ ಕೂರುತ್ತದೆ, ಡಿಸ್ಕ್ ಓಲಾಡಿ ಬ್ರೇಕ್ ಪೆಡಲ್ ನಡುಗುತ್ತದೆ. ಈ ಹತ್ತು ನಿಮಿಷವನ್ನು ದಯವಿಟ್ಟು ಉಳಿಸಬೇಡಿ.

ಪ್ರಶ್ನೆ: ಆಕ್ಸಲ್ ನಟ್ ಎಷ್ಟು ಬಿಗಿಯಬೇಕು? ಇಂಪ್ಯಾಕ್ಟ್ ಗನ್ ಸಾಕಲ್ವಾ?

ಉತ್ತರ: ಬೇಡ. ಬಿಗಿಯಲು ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯಿತು ಅಂತ ಅಳೆಯುವ ಪಾನಾ) ಇರಲೇಬೇಕು. ಎಷ್ಟೋ ಕಾರುಗಳಲ್ಲಿ ಇದು 180ರಿಂದ 300 ನ್ಯೂಟನ್ ಮೀಟರ್ ನಡುವೆ ಇರುತ್ತದೆ. ನಿಮ್ಮದರ ಸರಿಯಾದ ಅಂಕಿ ಸರ್ವಿಸ್ ಮ್ಯಾನುವಲ್‌ನಲ್ಲಿ ನೋಡಿ. ಬೇರಿಂಗಿನ ಎರಡು ಒಳ ಸುತ್ತುಗಳನ್ನು ಒತ್ತಿ ಹಿಡಿಯುವುದೇ ಈ ನಟ್. ಅದಕ್ಕೇ ಹೊಸ ಹಬ್ ಮೇಲೆ ನಟ್ ಸಡಿಲ ಇರುವಾಗ ಗಾಡಿಯ ಭಾರ ಬೀಳಬಾರದು, ಒಂದಡಿಯೂ ಉರುಳಬಾರದು. ಚಕ್ರ ಮೇಲಿರುವಾಗಲೇ ಒಬ್ಬರನ್ನು ಬ್ರೇಕ್ ತುಳಿಯಲು ಕೂರಿಸಿ ಬಿಗಿಯಿರಿ. ನಟ್ ಹೊಸದೇ ಹಾಕಿ.

ಗಾಡಿ ತೆಗೆಯುವ ಮುಂಚೆ ಬ್ರೇಕ್ ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕೈದು ಸಲ ತುಳಿಯಿರಿ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ವೀಲ್ ನಟ್ ಇನ್ನೊಮ್ಮೆ ನೋಡಿ. ಎಬಿಎಸ್ ದೀಪ ಹತ್ತಿದರೆ ಸೆನ್ಸರ್ ಕನೆಕ್ಟರ್ ಪೂರ್ತಿ ಕೂತಿದೆಯಾ ನೋಡಿ, ತೊಂದರೆ ಹೆಚ್ಚಾಗಿ ಅಲ್ಲೇ ಇರುತ್ತದೆ.

ಪ್ರಶ್ನೆ: ಎಡಗಡೆಯದನ್ನೂ ಜೊತೆಗೇ ಬದಲಿಸಬೇಕಾ ಸರ್?

ಉತ್ತರ: ಸದ್ದಿಲ್ಲ, ಅಲ್ಲಾಟವಿಲ್ಲ ಅಂದರೆ ಬೇಡ, ಹಾಗೇ ಬಿಡಿ.