ಕಲ್ಲಿನದ್ದಕ್ಕೂ ‘ಸಂಕ’ ಅನ್ನಬಹುದಾ?

ಗೆಳೆಯರೇ, ಇಂಗ್ಲೆಂಡಿನ ಡಾರ್ಟ್‌ಮೂರ್ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದು ಪದದ ಹತ್ತಿರ ಸಿಕ್ಕಿಬಿದ್ದಿದ್ದೇನೆ.

ಅಲ್ಲಿ ಪೋಸ್ಟ್‌ಬ್ರಿಜ್ ಎಂಬ ಹಳ್ಳಿ. ಈಸ್ಟ್ ಡಾರ್ಟ್ ಹೊಳೆ ದಾಟಲು ಹಳೇ ಕಲ್ಲಿನ ದಾರಿ ಇದೆ. 13ನೇ ಶತಮಾನದ್ದು ಎಂದು ಅಂದಾಜು. ತವರ ಹೇರಿದ ಕುದುರೆಗಳಿಗಾಗಿ ಮಾಡಿದ್ದಂತೆ. ಈಗ ಕಾನೂನಿನ ರಕ್ಷಣೆಯಲ್ಲಿದೆ. ಕಮಾನಿಲ್ಲ, ಗಾರೆಯಿಲ್ಲ. ಕಲ್ಲು ಪೇರಿಸಿದ ಕಂಬಗಳ ಮೇಲೆ 4 ಮೀಟರಿಗಿಂತ ಉದ್ದದ ಗ್ರಾನೈಟ್ ಚಪ್ಪಡಿಗಳು. ಒಂದೊಂದೂ 8 ಟನ್ನಿಗಿಂತ ಜಾಸ್ತಿ ಭಾರ.

ಇದಕ್ಕೆ ಅವರು ‘ಕ್ಲ್ಯಾಪರ್ ಬ್ರಿಜ್’ ಅನ್ನುತ್ತಾರೆ. ನನ್ನ ಮೊಬೈಲು ‘ಚಪ್ಪಾಳೆ ಸೇತುವೆ’ ಅಂತ ಕೊಟ್ಟಿತು! ಚಪ್ಪಾಳೆಗೂ ಇದಕ್ಕೂ ಸಂಬಂಧವೇ ಇಲ್ಲ. ಕಲ್ಲುರಾಶಿ ಎಂಬ ಅರ್ಥದ ಹಳೇ ಲ್ಯಾಟಿನ್ ಪದದಿಂದ ಬಂದದ್ದು ಎನ್ನುತ್ತಾರೆ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯವ. ನಮ್ಮ ಬಾಯಿಗೆ ಮೊದಲು ಬರುವುದು ‘ಸಂಕ’. ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಎರಡು ಅಡಕೆಮರ ಅಡ್ಡ ಹಾಕಿದರೆ ಸಂಕ ಆಯಿತು. ಹಿಡಿದುಕೊಳ್ಳಲು ಒಂದು ಬಿದಿರು ಕಟ್ಟಿದ್ದರೆ ಪುಣ್ಯ. ದೊಡ್ಡ ಕಾಂಕ್ರೀಟಿನದ್ದಾದರೆ ಬಸ್ಸಿನವರು ‘ಪಾಲಂ’ ಎಂದು ಮಲಯಾಳದಲ್ಲೇ ಕೂಗುತ್ತಾರೆ. ಹಾಗಾಗಿ ‘ಕಲ್ಲುಸಂಕ’ ಎಂದು ಬರೆದೆ.

ಓದಿದ ಬೆಂಗಳೂರಿನ ಗೆಳೆಯ ಒಪ್ಪಲಿಲ್ಲ. “ಸಂಕ ಅಂದ್ರೆ ಒಂದು ಮಳೆಗಾಲಕ್ಕೆ ಕೊಚ್ಚಿಹೋಗುವಂಥದ್ದು ಅಲ್ವಾ? ನೂರಾರು ವರ್ಷ ನಿಂತದ್ದಕ್ಕೆ ಸೇತುವೆ ಅನ್ನು” ಎಂದ. ನನಗೇನೋ ಹಾಗನಿಸುವುದಿಲ್ಲ. ಈ ಪದದಲ್ಲಿ ಮರವೂ ಇಲ್ಲ, ಮಳೆಗಾಲವೂ ಇಲ್ಲ. ಮೂಲ ‘ಸಂಕ್ರಮ’, ಅಂದರೆ ದಾಟುವುದು. ಸೂರ್ಯ ದಾಟಿದರೆ ಸಂಕ್ರಾಂತಿ, ನಾವು ದಾಟುವುದು ಸಂಕ. ಮರಾಠಿಯ ‘ಸಾಕವ’ ಕೂಡ ಇದರ ದಾಯಾದಿಯೇ. ಈ ಕಲ್ಲಿನದ್ದನ್ನೂ ಸೇತುವೆ ಅಂದುಬಿಟ್ಟರೆ ಪಕ್ಕದಲ್ಲೇ ಇರುವ, 1780ರ ದಶಕದ ಕಮಾನಿನ ಸೇತುವೆಗೂ ಇದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ.

ಇನ್ನೊಂದು ತೊಡಕು. ಕಂಬ ಕಂಬದ ನಡುವಿನ ಜಾಗಕ್ಕೆ ಏನನ್ನೋಣ? ಮಲಯಾಳದಲ್ಲಿ ‘ಕಣ್ಣರ’ ಇದೆ. ಕೇರಳದ ತೆನ್ಮಲೆ ಹತ್ತಿರದ ರೈಲು ಸೇತುವೆಗೆ ‘ಪದಿಮೂನ್ನು ಕಣ್ಣರ ಪಾಲಂ’ (ಹದಿಮೂರು ಕಣ್ಣರದ ಸೇತುವೆ) ಎಂದೇ ಹೆಸರು. ಆದರೆ ಕಣ್ಣು ಅಂದರೆ ಗುಂಡಗಿನ ಕಮಾನೇ ಕಣ್ಣಿಗೆ ಬರುತ್ತದೆ. ಇಲ್ಲಿ ಚಪ್ಪಡಿ ಚಪ್ಪಟೆ. ಮನೆಯ ಕಂಬಗಳ ನಡುವಿನ ಜಾಗಕ್ಕೆ ‘ಅಂಕಣ’ ಅನ್ನುತ್ತೇವಲ್ಲ, ಅದನ್ನೇ ತಂದು ‘ಮೂರಂಕಣದ ಕಲ್ಲುಸಂಕ’ ಎಂದು ಬರೆದಿದ್ದೇನೆ.

ಧಾರವಾಡ, ಬಳ್ಳಾರಿ ಕಡೆಯವರಿಗೆ ಇದು ಅರ್ಥವಾಗುತ್ತದಾ? ನಿಮ್ಮೂರ ಹಳ್ಳಕ್ಕೆ ಚಪ್ಪಡಿ ಹಾಸಿದ್ದರೆ ಅದನ್ನು ಏನಂತೀರಿ?